ತೂಕ ಇಳಿಸುವ ಆಪರೇಷನ್ ಆದ ಮೇಲೆ ಇನ್ಸುಲಿನ್ ಪಂಪ್: ಟೈಪ್ 1 ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

ಟೈಪ್ 1 ಡಯಾಬಿಟಿಸ್ ಇರುವವರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತಾರೆ ಅಂದ ಕೂಡಲೇ ಸುತ್ತಲಿನವರು ಹೇಳುವ ಮಾತು ಒಂದೇ: ‘ಇನ್ನು ಶುಗರ್ ಹೋಗೇಬಿಡುತ್ತೆ ಬಿಡಿ.’ ಅದು ಟೈಪ್ 2 ಇರುವವರ ಅನುಭವ. ಅವರಲ್ಲಿ ಹಲವರಿಗೆ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಔಷಧ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಟೈಪ್ 1ರಲ್ಲಿ ಹಾಗಲ್ಲ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ನಾಶ ಮಾಡಿರುತ್ತದೆ. ಹೊಟ್ಟೆ ಚಿಕ್ಕದಾದರೆ ಆ ಕೋಶಗಳು ವಾಪಸ್ ಬರುವುದಿಲ್ಲ.

ಬದಲಾಗುವುದು ಇನ್ಸುಲಿನ್ ಅಳತೆ. ಅದು ತುಂಬಾ ಇಳಿಯುತ್ತದೆ, ಬೇಗನೂ ಇಳಿಯುತ್ತದೆ. ಆದರೆ ನಿಮಗೆ ಆಪರೇಷನ್ ಆಗಿದ್ದು ಪಂಪ್‌ಗೆ (ಚರ್ಮದ ಕೆಳಗೆ ದಿನವಿಡೀ ಸ್ವಲ್ಪ ಸ್ವಲ್ಪ ಇನ್ಸುಲಿನ್ ಬಿಡುವ ಪುಟ್ಟ ಯಂತ್ರಕ್ಕೆ) ಗೊತ್ತಿಲ್ಲ. ಅದು ಹಳೆಯ ತೂಕ, ಹಳೆಯ ಊಟದ ಲೆಕ್ಕದಲ್ಲೇ ಇನ್ಸುಲಿನ್ ಬಿಡುತ್ತಿರುತ್ತದೆ. ಹಾಗಾಗಿ ಅಳತೆಯನ್ನು ಮತ್ತೆ ಮತ್ತೆ ಕಡಿಮೆ ಮಾಡುತ್ತಾ ಹೋಗಬೇಕು, ಆದರೆ ಪೂರ್ತಿ ನಿಲ್ಲಿಸುವಂತಿಲ್ಲ. ಮುಂದೆ ಹೇಳುವ ಹಂತಗಳೆಲ್ಲ ಈ ಎರಡರ ನಡುವಿನ ದಾರಿಯನ್ನು ಹುಡುಕುವುದಕ್ಕೇ ಇರುವುದು.

ಇಲ್ಲಿರುವ ಅಂಕಿಗಳನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಮಾತಾಡಲು ಬಳಸಿ. ಅವರನ್ನು ಕೇಳದೆ ಪಂಪ್‌ಗೆ ಹಾಕಬೇಡಿ. ಶುಗರ್ ಅಂಕಿಗಳೆಲ್ಲ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿವೆ, ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲ) ಅಂಕಿಗಳು ಮಿಲಿಮೋಲ್ ಪ್ರತಿ ಲೀಟರ್ ಲೆಕ್ಕದಲ್ಲಿವೆ.

1. ಆಪರೇಷನ್‌ಗೆ ಮುಂಚೆ ಮಾಡಬೇಕಾದ್ದು

ಮೊದಲು ನಿಮ್ಮ ಪಂಪ್‌ನ ಎಲ್ಲ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ: ಗಂಟೆವಾರು ಬೇಸಲ್ (ಊಟ ಇಲ್ಲದಾಗಲೂ ಹೋಗುತ್ತಿರುವ ಇನ್ಸುಲಿನ್), ಕಾರ್ಬ್ ಅನುಪಾತ (1 ಯೂನಿಟ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್‌ಗೆ ಸಾಕು), ಕರೆಕ್ಷನ್ ಫ್ಯಾಕ್ಟರ್ (1 ಯೂನಿಟ್ ಶುಗರನ್ನು ಎಷ್ಟು ಇಳಿಸುತ್ತದೆ), ಟಾರ್ಗೆಟ್ (ಪಂಪ್ ಗುರಿಯಿಡುವ ಶುಗರ್), ಇನ್ಸುಲಿನ್ ಎಷ್ಟು ಗಂಟೆ ಕೆಲಸ ಮಾಡುತ್ತದೆ ಎಂದು ಹಾಕಿರುವ ಸಮಯ. ಜೊತೆಗೆ ಕಳೆದ ಎರಡು ವಾರದಲ್ಲಿ ದಿನಕ್ಕೆ ಸರಾಸರಿ ಎಷ್ಟು ಯೂನಿಟ್ ಹೋಗಿದೆ ಎನ್ನುವುದೂ ಬೇಕು. ಮುಂದಿನ ಲೆಕ್ಕವೆಲ್ಲ ಈ ಒಂದು ಸಂಖ್ಯೆಯಿಂದಲೇ ಶುರುವಾಗುತ್ತದೆ.

ಆಪರೇಷನ್‌ಗೆ ಮುಂಚೆ ಲಿವರ್ ಸ್ವಲ್ಪ ಕುಗ್ಗಲಿ ಎಂದು ಒಂದೆರಡು ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರ ಕೊಡುವುದು ಸಾಮಾನ್ಯ. ಇನ್ಸುಲಿನ್ ಬೇಡಿಕೆ ಇಳಿಯಲು ಶುರುವಾಗುವುದು ಇಲ್ಲೇ. ಸೆಟ್ಟಿಂಗ್ ಬದಲಾವಣೆಯನ್ನು ಆಪರೇಷನ್ ದಿನದವರೆಗೆ ಕಾಯಿಸಿದರೆ ಈ ವಾರಗಳಲ್ಲೇ ಲೋ ಶುಗರ್ ಶುರುವಾಗುತ್ತದೆ. ಈ ಆಹಾರ ಶುರು ಮಾಡುವ ದಿನಕ್ಕೂ ಒಂದು ಬೇರೆ ಪ್ಲಾನ್ ಕೇಳಿ ಪಡೆಯಿರಿ.

ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆಯನ್ನು ಯಾವುದಾದರೂ ಕಾರಣಕ್ಕೆ ತೆಗೆದುಕೊಳ್ಳುತ್ತಿದ್ದರೆ ಆಪರೇಷನ್ ತಂಡಕ್ಕೆ ತಪ್ಪದೆ ಹೇಳಿ. ಇವನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಶುಗರ್ ಸರಿಯಾಗೇ ಕಾಣಿಸುತ್ತಿರುವಾಗಲೂ ರಕ್ತ ಆಮ್ಲೀಯವಾಗುವ ಅಪಾಯವನ್ನು ಇವು ಹೆಚ್ಚಿಸುತ್ತವೆ. ಕಣ್ಣಿನ ಪರೀಕ್ಷೆಯನ್ನೂ ಮುಂಚೆಯೇ ಮಾಡಿಸಿ. ತುಂಬಾ ದಿನ ಮೇಲಿದ್ದ ಶುಗರ್ ಒಮ್ಮೆಲೇ ಇಳಿದಾಗ ರೆಟಿನಾದ ತೊಂದರೆ ಕೆಲವು ಕಾಲ ಹೆಚ್ಚಾಗುವುದುಂಟು.

ಆಸ್ಪತ್ರೆ ಬ್ಯಾಗ್‌ನಲ್ಲಿ ಬಿಡಿ ಇನ್‌ಫ್ಯೂಷನ್ ಸೆಟ್ (ಪಂಪ್‌ನಿಂದ ಚರ್ಮದ ಕೆಳಗೆ ಇನ್ಸುಲಿನ್ ಒಯ್ಯುವ ಟ್ಯೂಬ್), ಶುಗರ್ ಅಳೆಯುತ್ತಿರುವ ಸೆನ್ಸರ್, ಬ್ಯಾಟರಿ ಅಥವಾ ಚಾರ್ಜರ್, ಇನ್ಸುಲಿನ್ ಪೆನ್, ಗ್ಲೂಕೋಸ್ ಮೀಟರ್, ರಕ್ತದಲ್ಲಿ ಕೀಟೋನ್ ನೋಡುವ ಮೀಟರ್ ಮತ್ತು ಸ್ಟ್ರಿಪ್ ಇರಲಿ. ಮೂತ್ರದ ಕೀಟೋನ್ ಪಟ್ಟಿಯನ್ನು ನಂಬಿ ಕೂರಬೇಡಿ. ಅದು ತೋರಿಸುವುದು ಕೆಲವು ಗಂಟೆ ಹಿಂದಿನ ಸ್ಥಿತಿಯನ್ನು.

2. ಆಪರೇಷನ್ ದಿನ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ನಾನು ಎಚ್ಚರವಿಲ್ಲದ ಹೊತ್ತಿನಲ್ಲಿ ಇನ್ಸುಲಿನ್ ಯಾರ ಕೈಯಲ್ಲಿ? ಕೆಲವು ಕಡೆ ಕಡಿಮೆ ಬೇಸಲ್‌ನಲ್ಲಿ ಪಂಪ್ ಹಾಗೇ ಓಡುತ್ತದೆ, ಕೆಲವು ಕಡೆ ತೆಗೆದು ಡ್ರಿಪ್‌ನಲ್ಲಿ ಇನ್ಸುಲಿನ್ ಕೊಡುತ್ತಾರೆ. ಎರಡೂ ಸರಿಯೇ. ಯಾವುದು ಎನ್ನುವುದು ಮುಂಚೆಯೇ ತೀರ್ಮಾನವಾಗಿ ಬರಹದಲ್ಲಿರಬೇಕು.

ಪಂಪ್‌ನಲ್ಲಿರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ಹಿನ್ನೆಲೆಯಲ್ಲಿ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ನಿಮ್ಮ ದೇಹದಲ್ಲಿ ಇರುವುದಿಲ್ಲ. ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರಲು ಶುರು. ಹಾಗಾಗಿ ಪಂಪ್ ತೆಗೆಯುವ ಮೊದಲೇ ಡ್ರಿಪ್ ಶುರುವಾಗಿರಬೇಕು. ವಾಪಸ್ ಪಂಪ್‌ಗೆ ಬರುವಾಗ ಪಂಪ್ ಶುರುವಾಗಿ ಸುಮಾರು ಅರ್ಧದಿಂದ ಒಂದು ಗಂಟೆ ಆದ ಮೇಲೆ ಡ್ರಿಪ್ ನಿಲ್ಲಿಸಬೇಕು. ರಕ್ತನಾಳಕ್ಕೆ ಕೊಡುವ ಇನ್ಸುಲಿನ್ ನಿಂತ ಕೆಲವೇ ನಿಮಿಷದಲ್ಲಿ ಅದರ ಪರಿಣಾಮ ಹೋಗುತ್ತದೆ. ನಡುವೆ ಖಾಲಿ ಬಿಡುವುದೇ ದೊಡ್ಡ ಅಪಾಯ. ನಿಮ್ಮ ಜೊತೆಗಿರುವವರಿಗೂ ಇದನ್ನು ಹೇಳಿಕೊಡಿ, ಅವರೇ ಕೇಳಲಿ.

ವಾಂತಿ ಬಾರದಿರಲಿ ಎಂದು ಅರಿವಳಿಕೆ ಜೊತೆ ಡೆಕ್ಸಾಮೆಥಾಸೋನ್ ಕೊಡುವುದು ಮಾಮೂಲು. ಅದು ಸ್ಟೀರಾಯ್ಡ್, ಒಂದು ದಿನದ ಮಟ್ಟಿಗೆ ಶುಗರ್ ಏರಿಸುತ್ತದೆ. ಆ ಏರಿಕೆ ನೋಡಿ ಹೊಸ ಬೇಸಲ್ ಸಾಲದು ಅಂದುಕೊಳ್ಳಬೇಡಿ. ಆ ಹೊತ್ತಿಗೆ ಕರೆಕ್ಷನ್ (ಏರಿದ ಶುಗರ್ ಇಳಿಸುವಷ್ಟು ಹೆಚ್ಚುವರಿ ಇನ್ಸುಲಿನ್) ಕೊಟ್ಟರೆ ಸಾಕು.

3. ಪಂಪ್‌ನ ಹಳೆಯ ಅಂಕಿಗಳನ್ನು ಬದಲಿಸುವುದು

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಬಹಳ ಜನ ಬೇಸಲ್ ಒಂದನ್ನು ಇಳಿಸಿ ಸುಮ್ಮನಾಗುತ್ತಾರೆ. ಕಾರ್ಬ್ ಅನುಪಾತ, ಕರೆಕ್ಷನ್ ಫ್ಯಾಕ್ಟರ್ ಎರಡೂ ಹಳೆಯವೇ ಉಳಿದುಬಿಡುತ್ತವೆ. ಅದು ಎಷ್ಟು ಅಪಾಯ ಎಂದು ಒಂದು ಲೆಕ್ಕ ಹಾಕಿ ನೋಡೋಣ.

ಆಪರೇಷನ್‌ಗೆ ಮುಂಚೆ ದಿನಕ್ಕೆ 60 ಯೂನಿಟ್ ಬೇಕಿತ್ತು ಅಂದುಕೊಳ್ಳಿ. ಪಂಪ್ ಬಳಸುವವರಿಗೆ ಗೊತ್ತಿರುವ ಅಂದಾಜು ಸೂತ್ರ: 500ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಕಾರ್ಬ್ ಅನುಪಾತ, 1800ನ್ನು ಭಾಗಿಸಿದರೆ ಕರೆಕ್ಷನ್ ಫ್ಯಾಕ್ಟರ್. 60 ಯೂನಿಟ್‌ಗೆ 1 ಯೂನಿಟ್ ಸುಮಾರು 8 ಗ್ರಾಂ ಕಾರ್ಬ್‌ಗೆ ಸಾಕು, ಮತ್ತು ಶುಗರನ್ನು 30ರಷ್ಟು ಇಳಿಸುತ್ತದೆ. ಈಗ ಬೇಡಿಕೆ 30 ಯೂನಿಟ್‌ಗೆ ಇಳಿಯಿತು. ಅದೇ 1 ಯೂನಿಟ್ 17 ಗ್ರಾಂ ಕಾರ್ಬ್‌ಗೆ ಸಾಕು, ಶುಗರನ್ನು 60ರಷ್ಟು ಇಳಿಸುತ್ತದೆ.

ಶುಗರ್ 220 ಇದೆ, ಟಾರ್ಗೆಟ್ 120. ಹಳೆಯ ಸೆಟ್ಟಿಂಗ್ ಇರುವ ಪಂಪ್ 3.3 ಯೂನಿಟ್ ಕೊಡಲು ಹೇಳುತ್ತದೆ. ಈಗಿನ ದೇಹದಲ್ಲಿ 3.3 ಯೂನಿಟ್ ಇಳಿಸುವುದು ಸುಮಾರು 200. 220ರಲ್ಲಿ 200 ಕಳೆದರೆ ಏನು ಉಳಿಯುತ್ತದೆ? ಪ್ರಾಣಕ್ಕೇ ಅಪಾಯ ತರುವ ಲೋ. ಪಂಪ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಅದಕ್ಕೆ ಕೊಟ್ಟ ಅಂಕಿ ಹಳೆಯದು, ಅಷ್ಟೇ.

ಹಾಗಾಗಿ ಈ ಕ್ರಮದಲ್ಲಿ ಹೋಗಿ.

ಮೊದಲು ಬೇಸಲ್. ಆಪರೇಷನ್ ಆದ ತಕ್ಷಣದ ದಿನಗಳಲ್ಲಿ ಹಲವು ತಂಡಗಳು ಬೇಸಲನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸುತ್ತವೆ. ನಿಮಗೆ ಎಷ್ಟು ಎಂದು ನಿಮ್ಮ ತಂಡ ಹೇಳಬೇಕು. ಸರಿಯಾಗಿದೆಯೇ ಎಂದು ತೋರಿಸುವುದು ರಾತ್ರಿ. ಮಲಗುವಾಗ ಬೋಲಸ್ (ಊಟಕ್ಕೆ ಅಥವಾ ಕರೆಕ್ಷನ್‌ಗೆ ಒಮ್ಮೆಲೇ ಕೊಡುವ ಇನ್ಸುಲಿನ್) ಏನೂ ಬಾಕಿ ಇಲ್ಲದೆ, ಬೆಳಗ್ಗೆವರೆಗೆ ಶುಗರ್ 30ಕ್ಕಿಂತ ಜಾಸ್ತಿ ಇಳಿದರೆ ಬೇಸಲ್ ಇನ್ನೂ ಜಾಸ್ತಿ ಇದೆ. ಅಲ್ಲಿಂದ ಒಮ್ಮೆಗೆ 10ರಿಂದ 20 ಶೇಕಡಾ ಇಳಿಸಿ ಮತ್ತೆ ನೋಡುವುದು.

ಆಮೇಲೆ ಕರೆಕ್ಷನ್ ಫ್ಯಾಕ್ಟರ್. ಇದನ್ನು ಬೇಸಲ್ ಬದಲಿಸಿದ ದಿನವೇ ಬದಲಿಸಿ. ಮೇಲಿನ ಉದಾಹರಣೆಯ ಅಪಾಯ ಬರುವುದು ಇಲ್ಲಿಂದಲೇ. ಮೊದಲ ವಾರಗಳಲ್ಲಿ ಟಾರ್ಗೆಟ್ ಕೂಡ ಸ್ವಲ್ಪ ಮೇಲಿರಲಿ.

ಕೊನೆಗೆ ಕಾರ್ಬ್ ಅನುಪಾತ. ಶುರುವಿನಲ್ಲಿ ಊಟವೇ ಕೆಲವು ಚಮಚ, ಹಾಗಾಗಿ ಇದರ ನಿಜವಾದ ಪರೀಕ್ಷೆ ಗಟ್ಟಿ ಆಹಾರ ಶುರುವಾದ ಮೇಲೆ. ಅಲ್ಲಿಯವರೆಗೆ ಸೂತ್ರದ ಅಂದಾಜು ಸಾಕು.

ಒಂದು ವಿಷಯ ಗಮನಿಸಿ. ಸಾಮಾನ್ಯವಾಗಿ ದಿನದ ಇನ್ಸುಲಿನ್‌ನಲ್ಲಿ ಸುಮಾರು ಅರ್ಧ ಬೇಸಲ್ ಇರುತ್ತದೆ. ಈಗ ಊಟ ಕಡಿಮೆಯಾದ್ದರಿಂದ ಬೋಲಸ್ ಕುಸಿಯುತ್ತದೆ, ಬೇಸಲ್ ಪಾಲು ಜಾಸ್ತಿ ಕಾಣಿಸುತ್ತದೆ. ಅದು ತಪ್ಪಲ್ಲ. ಅರ್ಧ-ಅರ್ಧ ಆಗಲೇಬೇಕು ಎಂದು ಬೇಸಲನ್ನು ಇನ್ನಷ್ಟು ಕತ್ತರಿಸಬೇಡಿ.

ತೂಕ ಬೇಗ ಇಳಿಯುವ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಈ ಮೂರನ್ನೂ ನೋಡಿ. ಪ್ರತಿ 4-5 ಕೆ.ಜಿ. ಇಳಿದಾಗ ಪೂರ್ತಿ ಲೆಕ್ಕ ಮತ್ತೆ ಹಾಕುವುದು ಒಳ್ಳೆಯ ಅಭ್ಯಾಸ.

4. ತಾನೇ ಹೊಂದಿಸಿಕೊಳ್ಳುವ ಪಂಪ್ ಇದ್ದರೆ

ಸೆನ್ಸರ್ ನೋಡಿ ತಾನೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವ ಪಂಪ್‌ಗಳು ಈ ಹೊತ್ತಿನಲ್ಲಿ ದೊಡ್ಡ ಆಸರೆ, ಅದರಲ್ಲೂ ರಾತ್ರಿ. ಆದರೆ ಇವೂ ಹಿಂದಿನ ದಿನಗಳ ಲೆಕ್ಕದ ಮೇಲೇ ನಿಂತಿವೆ. ಟ್ಯಾಂಡೆಮ್‌ನ ಕಂಟ್ರೋಲ್-ಐಕ್ಯೂನಲ್ಲಿ ನಿಮ್ಮ ತೂಕ ಮತ್ತು ದಿನದ ಒಟ್ಟು ಇನ್ಸುಲಿನ್ ಅನ್ನು ನೀವೇ ನಮೂದಿಸಿರುತ್ತೀರಿ. ಆ ಎರಡೂ ಬದಲಾಗಬೇಕು. ಓಮ್ನಿಪಾಡ್ 5 ಪ್ರತಿ ಪಾಡ್ (ದೇಹಕ್ಕೆ ಅಂಟಿಸುವ ಪಂಪ್) ಬದಲಿಸಿದಾಗ ಇತ್ತೀಚಿನ ಬಳಕೆ ನೋಡಿ ಕಲಿಯುತ್ತದೆ. ಅಂದರೆ ಆಪರೇಷನ್ ಆದ ಮೊದಲ ದಿನಗಳಲ್ಲಿ ಅದಕ್ಕೆ ಗೊತ್ತಿರುವುದು ಹಳೆಯ ನೀವು. ಮೊದಲ ಕೆಲವು ದಿನ ಇಳಿಸಿದ ಬೇಸಲ್‌ನೊಂದಿಗೆ ಮ್ಯಾನ್ಯುಯಲ್ ಮೋಡ್‌ನಲ್ಲಿದ್ದು, ಆಮೇಲೆ ಆಟೊಗೆ ಹೋಗುವುದು ಒಂದು ದಾರಿ. ಟಾರ್ಗೆಟ್ ಏರಿಸಿ ಆಟೊದಲ್ಲೇ ಉಳಿಯುವುದು ಇನ್ನೊಂದು. ಯಾವುದು ಎಂದು ತಂಡದವರನ್ನು ಕೇಳಿ.

ಸೆನ್ಸರ್ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಆಪರೇಷನ್ ಆದ ಮೇಲೆ ನೋವಿಗೆ ಹೆಚ್ಚಾಗಿ ಕೊಡುವುದು ಪ್ಯಾರಾಸಿಟಮಾಲ್. ಕೆಲವು ಸೆನ್ಸರ್‌ಗಳಲ್ಲಿ ಇದು ಶುಗರನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಆಟೊ ಪಂಪ್ ಅದನ್ನು ನಂಬಿ ಇನ್ಸುಲಿನ್ ಬಿಡುತ್ತದೆ. ಲಿಬ್ರೆಯ ಕೆಲವು ಸೆನ್ಸರ್‌ಗಳಿಗೆ ವಿಟಮಿನ್ ಸಿ ದಿನಕ್ಕೆ 500 ಮಿ.ಗ್ರಾಂ ದಾಟಿದರೆ ಇದೇ ತೊಂದರೆ. ಆಪರೇಷನ್ ಆದವರು ವಿಟಮಿನ್ ಮಾತ್ರೆ ದಿನಾ ನುಂಗುವವರು, ಅಲ್ವಾ? ನಿಮ್ಮ ಸೆನ್ಸರ್ ಕೈಪಿಡಿಯಲ್ಲಿ ಈ ಎರಡು ಹೆಸರು ಹುಡುಕಿ ನೋಡಿ.

5. ಊಟ ಮತ್ತು ಬೋಲಸ್

ಆಪರೇಷನ್‌ಗೆ ಮುಂಚೆ ‘ಊಟಕ್ಕೆ 15 ನಿಮಿಷ ಮೊದಲು ಬೋಲಸ್’ ಎಂದು ಕಲಿತಿರುತ್ತೀರಿ. ಮೊದಲ ವಾರಗಳಲ್ಲಿ ಅದನ್ನು ಬದಿಗಿಡಿ. ನಾಲ್ಕು ಚಮಚ ತಿನ್ನುತ್ತೇನೆ ಎಂದು ಕೂತು ಎರಡಕ್ಕೇ ಸಾಕಾಗಬಹುದು, ತಿಂದದ್ದು ವಾಂತಿಯಾಗಬಹುದು. ಕೊಟ್ಟ ಇನ್ಸುಲಿನ್ ವಾಪಸ್ ತೆಗೆಯಲು ಆಗುವುದಿಲ್ಲ. ಹೊಟ್ಟೆಯಲ್ಲಿ ಉಳಿಯಿತು ಎಂದು ಖಾತ್ರಿಯಾದ ಮೇಲೆ, ತಿಂದಷ್ಟಕ್ಕೇ ಬೋಲಸ್ ಕೊಡಿ. ಇದರಿಂದ ಸ್ವಲ್ಪ ಏರಿಕೆ ಕಾಣುತ್ತದೆ. ಈ ಹಂತದಲ್ಲಿ ಆ ಏರಿಕೆ ಪರವಾಗಿಲ್ಲ.

ಆಮೇಲಿನ ದಾರಿ ಯಾವ ಆಪರೇಷನ್ ಎನ್ನುವುದರ ಮೇಲಿದೆ. ಸ್ಲೀವ್‌ನಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆದು ಒಂದು ಕೊಳವೆಯಷ್ಟು ಉಳಿಸುತ್ತಾರೆ. ಕರುಳಿನ ದಾರಿ ಹಳೆಯದೇ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಕಾರ್ಬ್ ಅಲ್ಲಿಗೆ ತಡೆಯಿಲ್ಲದೆ ಹೋಗುವುದರಿಂದ ಶುಗರ್ ಅರ್ಧ-ಮುಕ್ಕಾಲು ಗಂಟೆಯಲ್ಲೇ ಚೂಪಾಗಿ ಏರಿ, ಅಷ್ಟೇ ಬೇಗ ಇಳಿಯುತ್ತದೆ. ನಿಮ್ಮ ಬೋಲಸ್ ಮಾತ್ರ 3-4 ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಊಟದ ಶುಗರ್ ಮುಗಿದ ಮೇಲೂ ಇನ್ಸುಲಿನ್ ಉಳಿದಿರುತ್ತದೆ. ಊಟವಾಗಿ ಎರಡು ಗಂಟೆಗೆ ಬರುವ ಲೋ ಹುಟ್ಟುವುದು ಹೀಗೆ.

ಇದಕ್ಕೆ ಇನ್ಸುಲಿನ್ ಏರಿಸುವುದು ಪರಿಹಾರ ಅಲ್ಲ. ಆ ಚೂಪು ಏರಿಕೆ ನೋಡಿ ಗಾಬರಿಯಾಗಿ ಕರೆಕ್ಷನ್ ಮೇಲೆ ಕರೆಕ್ಷನ್ ಒತ್ತುವುದು ತುಂಬಾ ಸಹಜ, ತುಂಬಾ ಅಪಾಯ ಕೂಡ. ಬದಲಿಗೆ ತಿನ್ನುವ ಕ್ರಮ ಬದಲಿಸಿ. ಮೊದಲು ಪ್ರೊಟೀನ್, ಆಮೇಲೆ ತರಕಾರಿ, ಕೊನೆಗೆ ಕಾರ್ಬ್. ನಿಧಾನವಾಗಿ ಅಗಿದು ತಿನ್ನಿ. ನೀರನ್ನು ಊಟದ ಜೊತೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬರೀ ಕಾರ್ಬ್, ಅದರಲ್ಲೂ ಸಿಹಿ ಪಾನೀಯ, ಬೈಪಾಸ್ ಆದವರಿಗೆ ಡಂಪಿಂಗ್ ತರುತ್ತದೆ: ಬೆವರು, ಎದೆ ಬಡಿತ, ತಲೆಸುತ್ತು, ಹೊಟ್ಟೆ ಹಿಂಡುವುದು. ಇದು ಲೋ ಶುಗರ್ ತರಹವೇ ಇರುತ್ತದೆ. ತಿಂದು ಅರ್ಧ ಗಂಟೆಯೊಳಗೆ ಬಂದರೆ ಹೆಚ್ಚಾಗಿ ಡಂಪಿಂಗ್, ಒಂದರಿಂದ ಮೂರು ಗಂಟೆಗೆ ಬಂದರೆ ಹೆಚ್ಚಾಗಿ ಲೋ. ಆದರೂ ಊಹೆ ಬೇಡ, ಬೆರಳು ಚುಚ್ಚಿ ನೋಡಿ.

ಪ್ರೊಟೀನ್ ಬಗ್ಗೆ ಒಂದು ಮಾತು. ಆಪರೇಷನ್ ಆದ ಮೇಲೆ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಗುರಿ ಇರುತ್ತದೆ. ಊಟದಲ್ಲಿ ಕಾರ್ಬ್ ತೀರ ಕಡಿಮೆ ಇದ್ದಾಗ ಪ್ರೊಟೀನ್ ಕೂಡ ಕೆಲವು ಗಂಟೆ ಬಿಟ್ಟು ಶುಗರ್ ಏರಿಸುತ್ತದೆ. ಕಾರ್ಬ್ ಇಲ್ಲದ ಊಟ ಮಾಡಿ ಮೂರು-ನಾಲ್ಕು ಗಂಟೆಗೆ ನಿಧಾನ ಏರಿಕೆ ಪದೇ ಪದೇ ಕಂಡರೆ, ಪಂಪ್‌ನ ಎಕ್ಸ್‌ಟೆಂಡೆಡ್ ಬೋಲಸ್ ಬಳಸಿ ಸ್ವಲ್ಪ ಇನ್ಸುಲಿನ್ ಅನ್ನು ಎರಡು-ಮೂರು ಗಂಟೆಗೆ ಹರಡಬಹುದು. ದಿನಕ್ಕೆ ಹಲವು ಬಾರಿ ಚುಚ್ಚದೆ ಇಷ್ಟು ಚಿಕ್ಕ ಪ್ರಮಾಣವನ್ನು ಇಷ್ಟು ಹೊತ್ತು ಹರಡಲು ಪಂಪ್‌ಗೆ ಮಾತ್ರ ಸಾಧ್ಯ. ಅದನ್ನು ಬಳಸಿಕೊಳ್ಳಿ.

6. ಲೋ ಶುಗರ್ ಬಂದಾಗ

70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವುದು ಎಂಬ ನಿಯಮ ನಿಮಗೆ ಗೊತ್ತಿದೆ. ಈಗ ಒಂದು ಲೋಟ ಜ್ಯೂಸ್ ಒಂದೇ ಸಲ ಇಳಿಯುವುದಿಲ್ಲ, ಇಳಿದರೂ ಡಂಪಿಂಗ್ ಆಗಬಹುದು. ಗ್ಲೂಕೋಸ್ ಮಾತ್ರೆ ಅಥವಾ ಜೆಲ್ ಒಳ್ಳೆಯದು. ಒಂದು ಮಾತ್ರೆಯಲ್ಲಿ ಹೆಚ್ಚಾಗಿ 4 ಗ್ರಾಂ ಇರುತ್ತದೆ, ಚೆನ್ನಾಗಿ ಅಗಿಯಿರಿ. ಆಟೊ ಪಂಪ್ ಮೊದಲೇ ಇನ್ಸುಲಿನ್ ಕಡಿಮೆ ಮಾಡಿದ್ದರೆ 5ರಿಂದ 10 ಗ್ರಾಂ ಸಾಕಾಗಬಹುದು. 54ಕ್ಕಿಂತ ಕೆಳಗಿದ್ದರೆ ಡಂಪಿಂಗ್ ಬಗ್ಗೆ ಯೋಚಿಸಬೇಡಿ, ಮೊದಲು ಶುಗರ್ ಮೇಲೆ ಬರಲಿ. ಮನೆಯಲ್ಲಿ ಗ್ಲುಕಗಾನ್ (ಶುಗರ್ ಏರಿಸುವ ತುರ್ತು ಔಷಧ) ಇರಲಿ. ನುಂಗಲು ಆಗದ ಹೊತ್ತಿನಲ್ಲಿ ಅದನ್ನು ಕೊಡಲು ಒಬ್ಬರಾದರೂ ಕಲಿತಿರಬೇಕು.

ಒಂದೇ ಹೊತ್ತಿಗೆ ಎರಡು ಸಲ ಲೋ ಬಂತೆಂದರೆ ಅದು ಸೆಟ್ಟಿಂಗ್ ಬದಲಿಸಬೇಕಾದ ಸೂಚನೆ. ಪ್ರತಿ ಸಲ ಸಕ್ಕರೆ ತಿಂದು ಸರಿಮಾಡುತ್ತಾ ಹೋದರೆ ತೂಕ ಇಳಿಸುವ ಶ್ರಮವೂ ವ್ಯರ್ಥ.

7. ವಾಂತಿ, ಕೀಟೋನ್, ಮತ್ತು ಕಾಯಬಾರದ ಹೊತ್ತು

ಲೋ ಶುಗರ್ ಹೆದರಿಕೆಯಿಂದ ಪಂಪ್ ಸಸ್ಪೆಂಡ್ ಮಾಡಿ ಗಂಟೆಗಟ್ಟಲೆ ಬಿಡುವವರಿದ್ದಾರೆ. ‘ಏನೂ ತಿಂದಿಲ್ಲ, ಇನ್ಸುಲಿನ್ ಯಾಕೆ?’ ಎನ್ನುವ ಯೋಚನೆ. ದಯವಿಟ್ಟು ಹೀಗೆ ಮಾಡಬೇಡಿ. ತಿನ್ನದಿದ್ದಾಗಲೂ ಲಿವರ್ ಗ್ಲೂಕೋಸ್ ಬಿಡುತ್ತದೆ, ಕೊಬ್ಬು ಕರಗಿ ಕೀಟೋನ್ ಆಗುತ್ತದೆ. ಅದನ್ನು ಹಿಡಿತದಲ್ಲಿಡುವುದು ಬೇಸಲ್. ಆಪರೇಷನ್ ಆದವರಲ್ಲಿ ಕಾರ್ಬ್ ಕಡಿಮೆ, ನೀರು ಕಡಿಮೆ, ಕೊಬ್ಬು ಬೇಗ ಕರಗುತ್ತಿದೆ. ಕೀಟೋನ್ ಏರಲು ಎಲ್ಲವೂ ಸಿದ್ಧವಾಗಿದೆ. ಶುಗರ್ 150 ಇರುವಾಗಲೂ ಕೀಟೋಆಸಿಡೋಸಿಸ್ (ಕೀಟೋನ್ ಏರಿ ರಕ್ತ ಆಮ್ಲೀಯವಾಗುವುದು) ಆಗಬಹುದು. ಸೆನ್ಸರ್‌ನಲ್ಲಿ ಹಸಿರು ಗೆರೆ ಕಂಡಿತು ಎಂದು ಸಮಾಧಾನ ಪಡಬೇಡಿ.

ವಾಕರಿಕೆ, ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಜೋರು ಉಸಿರು, ಇವುಗಳಲ್ಲಿ ಏನೇ ಬಂದರೂ ಶುಗರ್ ಎಷ್ಟೇ ಇರಲಿ, ರಕ್ತದ ಕೀಟೋನ್ ನೋಡಿ. 0.6ಕ್ಕಿಂತ ಕೆಳಗಿದ್ದರೆ ಸರಿ. ಮೊದಲ ವಾರಗಳಲ್ಲಿ ಊಟ ಕಡಿಮೆಯಾದ ಕಾರಣಕ್ಕೇ ಅದು 1ರ ಆಸುಪಾಸು ಇರಬಹುದು. ನಿಮಗೆ ಎಷ್ಟು ಮಾಮೂಲು ಎಂದು ತಂಡದವರನ್ನು ಕೇಳಿಟ್ಟುಕೊಳ್ಳಿ. 1.5 ದಾಟಿದರೆ ಆಗಲೇ ಫೋನ್ ಮಾಡಿ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಫೋನ್ ಮಾಡುತ್ತಿರುವಾಗಲೇ ಸೆಟ್ ಬದಲಿಸಿ. ಕೀಟೋನ್ ಜೊತೆ ಶುಗರ್ ಕೂಡ ಏರಿದ್ದರೆ ಟ್ಯೂಬ್ ಮಡಚಿದೆಯೇ ಎಂದು ಹುಡುಕುತ್ತಾ ಕೂರದೆ ಕರೆಕ್ಷನ್ ಅನ್ನು ಪೆನ್‌ನಲ್ಲಿ ಕೊಡಿ. ಶುಗರ್ ಕಡಿಮೆ ಇದ್ದು ಕೀಟೋನ್ ಜಾಸ್ತಿ ಇದ್ದರೆ ಇನ್ಸುಲಿನ್ ಜೊತೆ ಕಾರ್ಬ್ ಕೂಡ ಬೇಕು. ಹೀಗಾದಾಗ ‘ನೀರು ಚೆನ್ನಾಗಿ ಕುಡಿಯಿರಿ’ ಎಂಬುದು ಹಳೆಯ ಸಲಹೆ. ನಿಮ್ಮ ಹೊಟ್ಟೆ ಈಗ ಗುಟುಕಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಹಾಗಾಗಿ ನೀವು ಉಳಿದವರಿಗಿಂತ ಬೇಗ ಆಸ್ಪತ್ರೆಗೆ ಹೋಗಬೇಕು, ಡ್ರಿಪ್ ಬೇಕಾಗುತ್ತದೆ.

ಇನ್ನೊಂದು ಗೊಂದಲ ಇದೆ. ಹೊಟ್ಟೆಯ ಹೊಲಿಗೆಯಲ್ಲಿ ಸೋರಿಕೆಯಾದರೂ ಹೊಟ್ಟೆನೋವು, ವಾಂತಿ, ಜೋರು ಎದೆಬಡಿತ ಬರುತ್ತವೆ. ಒಂದು ಇನ್ನೊಂದನ್ನು ಹುಟ್ಟಿಸಲೂಬಹುದು. ಆಪರೇಷನ್ ಮಾಡಿದವರು ಡಯಾಬಿಟಿಸ್ ಅನ್ನಬಹುದು, ಡಯಾಬಿಟಿಸ್ ಡಾಕ್ಟರ್ ಆಪರೇಷನ್ ಕಾರಣ ಅನ್ನಬಹುದು. ಎರಡನ್ನೂ ನೋಡಿ ಎಂದು ನೀವು ಒತ್ತಾಯಿಸಿ. ವಾಂತಿ ದಿನಗಟ್ಟಲೆ ಮುಂದುವರಿದಿದ್ದರೆ ವಿಟಮಿನ್ ಬಿ1 ಕೊರತೆಯಾಗಿರಬಹುದು. ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆಯೇ ಅದನ್ನು ನೆನಪಿಸಿ, ಏಕೆಂದರೆ ಬಿ1 ಇಲ್ಲದೆ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಹಾನಿಯಾಗಬಹುದು.

8. ಸೆಟ್ ಹಾಕುವ ಜಾಗ

ಲ್ಯಾಪರೋಸ್ಕೋಪಿ ಗಾಯಗಳು ಇರುವುದು ಹೊಟ್ಟೆಯ ಮೇಲೇ. ಅವು ವಾಸಿಯಾಗುವವರೆಗೆ ತೊಡೆ, ಸೊಂಟದ ಹಿಂಭಾಗದ ಮೇಲ್ಭಾಗ, ತೋಳು ಬಳಸಿ. ಹೊಸ ಜಾಗದಲ್ಲಿ ಪದೇ ಪದೇ ಚುಚ್ಚಿ ಆದ ಗಂಟು ಇರುವುದಿಲ್ಲ, ಇನ್ಸುಲಿನ್ ಚೆನ್ನಾಗಿ ಹೀರುತ್ತದೆ. ಆ ಕಾರಣಕ್ಕೂ ಲೋ ಬರಬಹುದು. ತಿಂಗಳುಗಳು ಕಳೆದಂತೆ ಚರ್ಮದ ಕೆಳಗಿನ ಕೊಬ್ಬು ತೆಳುವಾಗುತ್ತದೆ. 9 ಮಿ.ಮೀ. ಕ್ಯಾನುಲಾ (ಚರ್ಮದ ಕೆಳಗೆ ಕೂರುವ ಸಣ್ಣ ಕೊಳವೆ) ಸ್ನಾಯುವಿಗೆ ತಾಗಿ ನೋಯುತ್ತಿದ್ದರೆ 6 ಮಿ.ಮೀ.ಗೆ ಬನ್ನಿ, ಅಥವಾ ಓರೆಯಾಗಿ ಹಾಕುವ ಸೆಟ್ ಕೇಳಿ. ಸಡಿಲ ಚರ್ಮ ಮಡಚಿಕೊಳ್ಳುವ ಕಡೆ ಕ್ಯಾನುಲಾ ಬಾಗುತ್ತದೆ. ಕನ್ನಡಿ ಮುಂದೆ ಕೂತೂ ನಿಂತೂ ನೋಡಿ ಜಾಗ ಆರಿಸಿ.

9. ತಿಂಗಳುಗಳು ಕಳೆದ ಮೇಲೆ

ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಒಂದನ್ನೇ ನಂಬಬೇಡಿ. ಆಪರೇಷನ್ ಆದವರಿಗೆ ಕಬ್ಬಿಣಾಂಶದ ಕೊರತೆ ಬರುವುದು ಸಾಮಾನ್ಯ, ಅದರಿಂದ ಈ ಅಂಕಿ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಬ್ಬಿಣದ ಚಿಕಿತ್ಸೆ ಶುರುವಾದರೆ ಕೆಳಗೆ ಬರುತ್ತದೆ. ಸೆನ್ಸರ್‌ನಲ್ಲಿ 70ರಿಂದ 180ರ ನಡುವೆ ಎಷ್ಟು ಹೊತ್ತು ಇದ್ದೀರಿ ಎನ್ನುವುದು ಹೆಚ್ಚು ನಂಬಬಹುದಾದ ಅಳತೆ. ಗುರಿ 70 ಶೇಕಡಾಕ್ಕಿಂತ ಜಾಸ್ತಿ, 70ರ ಕೆಳಗೆ 4 ಶೇಕಡಾಕ್ಕಿಂತ ಕಡಿಮೆ. ನಾನಾದರೆ ಮೊದಲು ನೋಡುವುದು ಎರಡನೆಯದನ್ನು.

ವಿಟಮಿನ್ ಬಿ12 ತಪ್ಪಿಸಬೇಡಿ. ಟೈಪ್ 1 ಇರುವವರಿಗೆ ಹೊಟ್ಟೆಯ ಒಳಪದರದ ಮೇಲೂ ರೋಗನಿರೋಧಕ ಶಕ್ತಿ ದಾಳಿ ಮಾಡಿ ಬಿ12 ಕೊರತೆ ತರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆಪರೇಷನ್ ಅದರ ಮೇಲೆ ಬರುತ್ತದೆ. ಕಾಲು ಜೋಮು ಹಿಡಿದರೆ ಶುಗರ್ ಕಾರಣವೇ ಇರಬೇಕು ಎಂದು ಬಿಡದೆ ಬಿ12 ನೋಡಿಸಿ.

ಬೈಪಾಸ್ ಆದ ಮೇಲೆ ಮದ್ಯ ಬೇಗ ಏರುತ್ತದೆ, ರಾತ್ರಿ ಹೊತ್ತು ಲಿವರ್ ಗ್ಲೂಕೋಸ್ ಬಿಡುವುದನ್ನು ತಡೆಯುತ್ತದೆ. ಮಲಗಿರುವಾಗ ಲೋ ಬಂದರೆ ಎಚ್ಚರವಾಗದೇ ಇರಬಹುದು. ಬಿಡುವುದೇ ಒಳ್ಳೆಯದು. ವ್ಯಾಯಾಮಕ್ಕೆ ಹೋಗುವ ಒಂದೆರಡು ಗಂಟೆ ಮೊದಲೇ ಟೆಂಪ್ (ತಾತ್ಕಾಲಿಕ) ಬೇಸಲ್ ಇಳಿಸಿ. ಹೊರಡುವಾಗ ಇಳಿಸಿದರೆ ತಡವಾಗಿರುತ್ತದೆ.

ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ತೂಕ ಒಂದು ಕಡೆ ನಿಲ್ಲುತ್ತದೆ. ಊಟದ ಪ್ರಮಾಣ ಸ್ವಲ್ಪ ಏರುತ್ತದೆ. ಆಗ ಶುಗರ್ ನಿಧಾನವಾಗಿ ಮೇಲೆ ಹೋಗತೊಡಗಿದರೆ ಇನ್ಸುಲಿನ್ ಏರಿಸಲು ಹಿಂಜರಿಯಬೇಡಿ. ಏರಿಸಿದರೆ ತೂಕ ವಾಪಸ್ ಬರುತ್ತದೆ ಎಂಬ ಭಯದಿಂದ ಬೇಕಂತಲೇ ಇನ್ಸುಲಿನ್ ಕಡಿಮೆ ಮಾಡುವವರಿದ್ದಾರೆ, ಬೋಲಸ್ ತಪ್ಪಿಸುವವರಿದ್ದಾರೆ. ಆ ಯೋಚನೆ ನಿಮಗೂ ಬಂದಿದ್ದರೆ ನಾಚಿಕೆ ಪಡದೆ ತಂಡದವರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ. ಹೇಳುವವರೆಗೂ ಬೇಸಲ್ ಅನ್ನಂತೂ ನಿಲ್ಲಿಸಬೇಡಿ.